ನೀರುಗಂಟಿ ಇಲ್ಲದ ತೂಬು: ಮೋಟಾರ್ ನ್ಯೂರಾನ್ ಕಾಯಿಲೆ ಮತ್ತು ರೋಗನಿರೋಧಕ ವ್ಯವಸ್ಥೆ

ತರೀಕೆರೆಯ ತೋಟದಲ್ಲಿ ಅಡಿಕೆ ಸುಲಿಯುವ ಕೈಗೆ ಒಂದು ದಿನ ಹಿಡಿತ ತಪ್ಪುತ್ತದೆ. ಅಜ್ಜಂಪುರದ ಕಡೆ ಈರುಳ್ಳಿ ಮೂಟೆ ಎತ್ತುತ್ತಿದ್ದ ಭುಜ ಸೋಲುತ್ತದೆ. ಕಡೂರಿನ ಬಯಲಲ್ಲಿ ನಡೆಯುವಾಗ ಚಪ್ಪಲಿ ಕಾಲಿನಿಂದ ತಾನಾಗಿ ಜಾರುತ್ತದೆ. ನೋವಿಲ್ಲ, ಜೋಮಿಲ್ಲ, ಜ್ವರವಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಬತ್ತುತ್ತಿದೆ, ತೋಳಿನ ಚರ್ಮದಡಿ ಏನೋ ಪಟಪಟ ಅದುರುತ್ತಿದೆ, ಅಷ್ಟೆ. ಮನೆಯವರು ‘ನರದೌರ್ಬಲ್ಯ’ ಎನ್ನುತ್ತಾರೆ, ಒಂದಷ್ಟು ಬಿ12 ಸೂಜಿ ಆಗುತ್ತವೆ, ತಿಂಗಳುಗಳು ಉರುಳುತ್ತವೆ. ಹೀಗೆ ಶುರುವಾಗುವ ಕಾಯಿಲೆಗಳಲ್ಲಿ ಒಂದು ಮೋಟಾರ್ ನ್ಯೂರಾನ್ ಕಾಯಿಲೆ. ಮೆದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುವಿಗೆ ‘ಆಡು’ ಎಂಬ ಅಪ್ಪಣೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈಕಾಲು, ಮಾತು, ನುಂಗುವಿಕೆ, ಕೊನೆಗೆ ಉಸಿರಾಟ ಸೋಲುತ್ತವೆ. ಇದರ ಮುಖ್ಯ ರೂಪವಾದ ಎಎಲ್‌ಎಸ್ ಅನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1869ರಲ್ಲೇ ವಿವರಿಸಿದ. ನರಕೋಶ ಏಕೆ ಸಾಯುತ್ತದೆ ಎಂದು ಕೇಳುವುದರಲ್ಲೇ ಮುಂದಿನ ನೂರಕ್ಕೂ ಹೆಚ್ಚು ವರ್ಷ ಕಳೆಯಿತು. ಅದರ ಸುತ್ತ ಇರುವ ಕಾವಲು ಕೋಶಗಳು ಆಗ ಏನು ಮಾಡುತ್ತಿರುತ್ತವೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಗತೊಡಗಿದ್ದು ಕಳೆದ ಎರಡು ದಶಕಗಳಲ್ಲಿ. ಆ ಉತ್ತರವನ್ನು ತಪ್ಪಾಗಿ ಓದಿದರೆ ರೋಗಿಗೆ ಹಾನಿಯಾಗುತ್ತದೆ ಎಂಬುದೇ ಈ ಅಧ್ಯಾಯದ ವಾದ.

ಮೊದಲಿಗೆ ನಮ್ಮ ನಾಡಿನ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಮೂರು ದಶಕಗಳಲ್ಲಿ ಕಂಡ 1153 ಎಎಲ್‌ಎಸ್ ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಕಾಯಿಲೆ ಕಾಣಿಸಿಕೊಂಡ ಸರಾಸರಿ ವಯಸ್ಸು ಸುಮಾರು 46. ಪಶ್ಚಿಮದ ದೇಶಗಳ ರೋಗಿಗಳಿಗಿಂತ ಇದು ಹತ್ತು ವರ್ಷಕ್ಕೂ ಮೊದಲು, ಅಂದರೆ ಮನೆಯ ಭಾರ ಹೊತ್ತ ವಯಸ್ಸಿನಲ್ಲೇ. ಅದೇ ಸಂಸ್ಥೆ 1971ರಿಂದ 2007ರವರೆಗೆ ಕಂಡ ಇನ್ನೂ 116 ರೋಗಿಗಳದ್ದು ಬೇರೆಯೇ ಚಿತ್ರ. ಎಳೆಯ ವಯಸ್ಸು, ಕೈಕಾಲಿನ ಸೊರಗುವಿಕೆ, ಮುಖ ನಾಲಿಗೆಗಳ ಬಲಹೀನತೆ, ಜೊತೆಗೆ ಕಿವುಡು. ಮದರಾಸಿನ ವೈದ್ಯರು 1970ರಲ್ಲಿ ಮೊದಲು ಗುರುತಿಸಿದ್ದರಿಂದ ಇದಕ್ಕೆ ‘ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ’ ಎಂಬ ಹೆಸರು ನಿಂತಿದೆ. ಬಹುಮಟ್ಟಿಗೆ ದಕ್ಷಿಣ ಭಾರತದ್ದೇ ಆದ ಇದು ಎಎಲ್‌ಎಸ್‌ಗಿಂತ ತುಂಬ ನಿಧಾನ. ಮತ್ತೊಂದು, ಹದಿಹರೆಯ ದಾಟಿದ ಹುಡುಗರ ಒಂದೇ ಕೈ ಅಥವಾ ಒಂದೇ ಕಾಲು ಬತ್ತಿ ಕೆಲವು ವರ್ಷಗಳಲ್ಲಿ ತಾನಾಗಿ ನಿಂತುಬಿಡುವಂಥದ್ದು. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ನಿಮ್ಹಾನ್ಸ್‌ನಿಂದಲೇ ಅದನ್ನು ವಿವರಿಸಿದರು. ಕೈಗೆ ಬರುವ ರೂಪದಲ್ಲಿ ಕುತ್ತಿಗೆ ಬಗ್ಗಿಸಿದಾಗ ಬೆನ್ನುಹುರಿಗೆ ಬೀಳುವ ಒತ್ತಡವೇ ಕಾರಣವೆಂದು ಹೆಚ್ಚಿನವರು ಒಪ್ಪುತ್ತಾರೆ. ರೋಗನಿರೋಧಕ ವ್ಯವಸ್ಥೆಗೆ ಅಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಒಂದೇ ಹೆಸರಿನಡಿ ಹಲವು ಕಾಯಿಲೆಗಳಿವೆ ಎಂಬುದನ್ನು ನೆನಪಿಟ್ಟೇ ಮುಂದಿನದನ್ನು ಓದಬೇಕು. ಇಲ್ಲಿಂದ ಹೇಳುವುದೆಲ್ಲ ಎಎಲ್‌ಎಸ್ ಕುರಿತದ್ದು.

ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಮೈಕ್ರೋಗ್ಲಿಯಾ ಎಂಬ ಪುಟ್ಟ ಕೋಶಗಳಿವೆ. ಸ್ಪೇನಿನ ರಿಯೋ ಓರ್ತೇಗಾ 1919ರಲ್ಲಿ ಇವನ್ನು ಬೇರೆ ಬಗೆಯ ಕೋಶಗಳೆಂದು ತೋರಿಸಿದ. ಸತ್ತದ್ದನ್ನು ತಿಂದು ತೆಗೆಯುವುದು, ಗಾಯವಾದಲ್ಲಿ ರಿಪೇರಿಗೆ ನೆರವಾಗುವುದು, ಸೋಂಕು ಬಂದರೆ ಕೂಗಿ ಎಬ್ಬಿಸುವುದು ಇವುಗಳ ಕೆಲಸ. 1993ರಲ್ಲಿ ಎಸ್‌ಒಡಿ1 ಎಂಬ ಜೀನಿನ ದೋಷ ಎಎಲ್‌ಎಸ್ ತರಬಲ್ಲದು ಎಂದು ಗೊತ್ತಾದ ಮೇಲೆ ಆ ದೋಷವಿರುವ ಇಲಿಗಳನ್ನು ಬೆಳೆಸಿದರು. ಆಮೇಲೆ ನಡೆದ ಪ್ರಯೋಗಗಳಲ್ಲಿ 2006ರ ಎರಡು ಮುಖ್ಯ. ಒಂದರಲ್ಲಿ ದೋಷಪೂರಿತ ಜೀನನ್ನು ಚಾಲಕ ನರಕೋಶಗಳಿಂದ ಮಾತ್ರ ತೆಗೆದರು, ಕಾಯಿಲೆ ತಡವಾಗಿ ಶುರುವಾಯಿತು. ಮೈಕ್ರೋಗ್ಲಿಯಾದಂಥ ಕೋಶಗಳಿಂದ ಮಾತ್ರ ತೆಗೆದಾಗ ಶುರುವಾಗುವ ಹೊತ್ತು ಹೆಚ್ಚು ಬದಲಾಗಲಿಲ್ಲ, ಆದರೆ ಶುರುವಾದ ಕಾಯಿಲೆ ನಿಧಾನವಾಯಿತು. ಇನ್ನೊಂದರಲ್ಲಿ ಅದೇ ದೋಷವಿದ್ದು ಸ್ವಂತ ಮೈಕ್ರೋಗ್ಲಿಯಾ ಇಲ್ಲದ ಇಲಿಗಳಿಗೆ ಆರೋಗ್ಯವಂತ ಇಲಿಗಳ ಅಸ್ಥಿಮಜ್ಜೆ ಕೊಟ್ಟಾಗ ಅವು ಹೆಚ್ಚು ದಿನ ಬದುಕಿದವು. ಬೆಂಕಿ ಹತ್ತುವುದು ನರಕೋಶದೊಳಗೆ. ಅದು ಎಷ್ಟು ಬೇಗ ಹಬ್ಬಬೇಕು ಎಂಬುದು ಬಹುಪಾಲು ನೆರೆಯವರ ಕೈಯಲ್ಲಿದೆ.

ಹಾಗಾದರೆ ಈ ನೆರೆಯವರನ್ನೇ ಸುಮ್ಮನಾಗಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ವೈದ್ಯರಿಗೂ ಅನಿಸಿತು. ಸ್ಟೀರಾಯ್ಡ್ ಕೊಟ್ಟರು, ಸೈಕ್ಲೋಸ್ಪೋರಿನ್, ಸೈಕ್ಲೋಫಾಸ್ಫಮೈಡ್ ಕೊಟ್ಟರು, ದುಗ್ಧರಸ ಗ್ರಂಥಿಗಳಿಗೆ ವಿಕಿರಣವನ್ನೂ ಹಾಯಿಸಿ ನೋಡಿದರು. ಯಾವುದೂ ಫಲ ಕೊಡಲಿಲ್ಲ. ಮೈಕ್ರೋಗ್ಲಿಯಾವನ್ನು ತಣ್ಣಗಾಗಿಸುವ ಮಿನೋಸೈಕ್ಲಿನ್ ಇಲಿಗಳಿಗೆ ಒಳ್ಳೆಯದು ಮಾಡಿತ್ತು. 412 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಬಂದಾಗ, ಔಷಧಿ ತೆಗೆದುಕೊಂಡವರೇ ಶೇ. 25ರಷ್ಟು ಬೇಗ ಕ್ಷೀಣಿಸಿದ್ದರು. ಈ ಒಂದು ಅಂಕಿಯನ್ನು ಮರೆಯಬಾರದು. ಒಳ್ಳೆಯ ಉದ್ದೇಶ, ಒಪ್ಪುವಂಥ ತರ್ಕ, ಇಲಿಗಳ ಸಾಕ್ಷಿ ಎಲ್ಲ ಇದ್ದೂ ರೋಗಿಗಳ ನಡೆಯುವ ದಿನಗಳು ಕಡಿಮೆಯಾದವು. ಏಕೆ ಎಂಬುದಕ್ಕೆ ಮರುವರ್ಷವೇ ಒಂದು ಸುಳಿವು ಸಿಕ್ಕಿತು. ಎಸ್‌ಒಡಿ1 ಇಲಿಗಳಲ್ಲಿ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಪೈಕಿ ಸಿಡಿ4 ಎಂಬ ಬಗೆಯವೇ ಇಲ್ಲದಂತೆ ಮಾಡಿದಾಗ ಅವು ಇನ್ನೂ ಬೇಗ ಸತ್ತವು. ಅಂದರೆ ಬೆನ್ನುಹುರಿಗೆ ಬರುತ್ತಿದ್ದ ಆ ಕೋಶಗಳಲ್ಲಿ ಕೆಲವಾದರೂ ಕಾಪಾಡಲು ಬರುತ್ತಿದ್ದವು. ಎಲ್ಲರನ್ನೂ ಓಡಿಸಿದರೆ ಅವರೂ ಹೋಗುತ್ತಾರೆ.

ಕಡೂರು ತಾಲ್ಲೂಕಿನ ಮದಗದ ಕೆರೆ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯ ನೀರು ಗದ್ದೆಯ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಬಲ್ಲ ನೀರುಗಂಟಿ ಇದ್ದಾಗ ಅದು ಪೈರು. ಇಲ್ಲದಾಗ ಒಂದೋ ಒಣಗು, ಒಂದೋ ಕೊಚ್ಚು. ದೇಹದಲ್ಲಿ ಈ ಕೆಲಸಕ್ಕೆ ನಿಯಂತ್ರಕ ಟಿ ಕೋಶಗಳಿವೆ. ಉರಿಯೂತ ಸಾಕು ಎಂದು ಉಳಿದ ಕೋಶಗಳನ್ನು ತಡೆಯುವವು ಇವೇ. ಎಎಲ್‌ಎಸ್ ವೇಗವಾಗಿ ಸಾಗುವ ರೋಗಿಗಳಲ್ಲಿ ಇವುಗಳ ಸಂಖ್ಯೆ ಕಡಿಮೆ, ಕಸುವೂ ಕಡಿಮೆ ಎಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಸ್ಟ್ಯಾನ್ಲಿ ಅಪೆಲ್ ಅವರ ತಂಡ ತೋರಿಸಿತು. 2018ರಲ್ಲಿ ಅದೇ ತಂಡ ಮೂವರು ರೋಗಿಗಳ ಸ್ವಂತ ನಿಯಂತ್ರಕ ಕೋಶಗಳನ್ನು ಹೊರಗೆ ಬೆಳೆಸಿ ಮರಳಿ ಕೊಟ್ಟ ವರದಿ ಪ್ರಕಟಿಸಿತು. ಕೊಡುತ್ತಿದ್ದ ಅವಧಿಯಲ್ಲಿ ಕಾಯಿಲೆ ನಿಧಾನಿಸಿತ್ತು. ಮೂವರಿಂದ ಏನನ್ನೂ ಸಾಬೀತುಪಡಿಸಲಾಗದು. ಬ್ರಿಟನ್ ಮತ್ತು ಫ್ರಾನ್ಸಿನಲ್ಲಿ 220 ರೋಗಿಗಳ ಮೇಲೆ ನಡೆದ ಮಿರೋಕಾಲ್ಸ್ ಪರೀಕ್ಷೆಯ ತೂಕ ಹೆಚ್ಚು. ಇದೇ ಕೋಶಗಳನ್ನು ಹೆಚ್ಚಿಸಲು ಇಂಟರ್‌ಲ್ಯೂಕಿನ್-2 ಎಂಬ ವಸ್ತುವನ್ನು ತೀರ ಸಣ್ಣ ಪ್ರಮಾಣದಲ್ಲಿ ಕೊಟ್ಟರು. 2025ರಲ್ಲಿ ಬಂದ ಫಲಿತಾಂಶದಲ್ಲಿ, ಎಲ್ಲ ರೋಗಿಗಳನ್ನೂ ಒಟ್ಟಿಗೆ ಸರಳವಾಗಿ ಹೋಲಿಸಿದಾಗ ನೆಚ್ಚಬಹುದಾದ ವ್ಯತ್ಯಾಸ ಕಾಣಲಿಲ್ಲ. ನರಹಾನಿಯ ಗುರುತಾದ ಒಂದು ಪ್ರೋಟೀನು ಬೆನ್ನಿನ ನೀರಿನಲ್ಲಿ ಎಷ್ಟಿದೆ ಎಂದು ಅಳೆದು ಲೆಕ್ಕಕ್ಕೆ ಸೇರಿಸಿದಾಗ, ಅದು ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ತಗ್ಗಿದ್ದು ಕಂಡಿತು. ಇದು ಗೆಲುವಲ್ಲ. ಆದರೆ ಮಿನೋಸೈಕ್ಲಿನ್‌ನಂಥ ಸೋಲೂ ಅಲ್ಲ, ದಿಕ್ಕು ಸರಿಯಿದೆ ಎಂದು ನಂಬಲು ಸಾಕಾದದ್ದು.

ಈ ವಾದಕ್ಕೆ ಬಲವಾದ ಆಕ್ಷೇಪ ಒಂದಿದೆ. ನರಕೋಶ ಸತ್ತಲ್ಲಿ ಉರಿಯೂತ ಇರಲೇಬೇಕು, ಹೆಣವಿದ್ದಲ್ಲಿ ಜನ ಸೇರುವಂತೆ, ಸೇರಿದವರನ್ನು ಕೊಲೆಗಾರರೆನ್ನಲಾದೀತೇ? ಆಕ್ಷೇಪ ನ್ಯಾಯವಾದದ್ದು, ಇಲಿಗಳ ಪ್ರಯೋಗವೊಂದೇ ಆಧಾರವಾಗಿದ್ದರೆ ಇದಕ್ಕೆ ಉತ್ತರವಿರುತ್ತಿರಲಿಲ್ಲ. ಆದರೆ ಮನುಷ್ಯರ ಜೀನುಗಳೇ ಸಾಕ್ಷಿ ಹೇಳುತ್ತಿವೆ. ಎಎಲ್‌ಎಸ್‌ಗೆ ಸಂಬಂಧಿಸಿದ ಜೀನುಗಳಲ್ಲಿ 2015ರಲ್ಲಿ ಸೇರಿದ ಟಿಬಿಕೆ1, ವೈರಸ್ಸಿನ ವಿರುದ್ಧದ ರಕ್ಷಣೆಯಲ್ಲಿ ಮೊದಲಿಂದಲೂ ಹೆಸರಾದದ್ದು. 2011ರಲ್ಲಿ ಗೊತ್ತಾದ ಸಿ9ಓಆರ್‌ಎಫ್72 ಅನ್ನು ಇಲಿಗಳಿಂದ ಪೂರ್ತಿ ತೆಗೆದಾಗ ಅವಕ್ಕೆ ಚಾಲಕ ನರಗಳ ಕಾಯಿಲೆ ಬರಲಿಲ್ಲ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಸ್ವಯಂರೋಗದ ಲಕ್ಷಣಗಳು ಬಂದವು. 2025ರಲ್ಲಿ, ಇದೇ ಜೀನಿನ ಪ್ರೋಟೀನನ್ನು ಎಎಲ್‌ಎಸ್ ರೋಗಿಗಳ ಟಿ ಕೋಶಗಳು ಗುರುತಿಸಿ ಪ್ರತಿಕ್ರಿಯಿಸುತ್ತವೆ ಎಂದೂ, ಆ ಪ್ರತಿಕ್ರಿಯೆಯಲ್ಲಿ ಶಮನಕಾರಿ ಸಂದೇಶ ಹೆಚ್ಚಿರುವವರಿಗೆ ಹೆಚ್ಚು ಆಯುಸ್ಸು ಇರುವ ಸಾಧ್ಯತೆ ಇದೆ ಎಂದೂ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಹೆಣದ ಸುತ್ತ ಸೇರಿದವರು ಕೊಲೆಗಾರರಲ್ಲ, ಸರಿ. ಆದರೆ ಮುಂದಿನ ಮನೆಗೆ ಬೆಂಕಿ ಹೋಗುವುದೂ ಹೋಗದಿರುವುದೂ ಅವರ ನಡೆಯಿಂದಲೇ ತೀರ್ಮಾನವಾಗುತ್ತಿದೆ.

ಕೋವಿಡ್ ಕಾಲದಿಂದ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯ, ಮಾತ್ರೆಗಳು ಸಂತೆಯವರೆಗೂ ಬಂದಿವೆ. ಬಲ ಕುಂದುತ್ತಿರುವ ಮನುಷ್ಯನಿಗೆ ಇವನ್ನು ಪ್ರೀತಿಯಿಂದಲೇ ತಂದುಕೊಡುತ್ತಾರೆ. ಆದರೆ ಇಲ್ಲಿ ಕೊರತೆ ಶಕ್ತಿಯದ್ದಲ್ಲ, ಹದದ್ದು. ತೂಬನ್ನು ಪೂರ್ತಿ ಎತ್ತುವುದೂ ಪೂರ್ತಿ ಮುಚ್ಚುವುದೂ ಒಂದೇ ಬಗೆಯ ತಪ್ಪು. ಆ ಪುಡಿ, ಮಾತ್ರೆಗಳಿಗೆ ಸುರಿಯುವ ಹಣ ಒಂದು ಸಲದ ಸರಿಯಾದ ತಪಾಸಣೆಗೆ ಹೋದರೆ ನಿಜವಾದ ಲಾಭವಿದೆ, ಏಕೆಂದರೆ ಎಎಲ್‌ಎಸ್‌ನ ವೇಷದಲ್ಲೇ ಬರುವ ಮತ್ತೊಂದು ಕಾಯಿಲೆಗೆ ಚಿಕಿತ್ಸೆ ಉಂಟು. ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿಯಲ್ಲೂ ನೋವಿಲ್ಲದೆ, ಜೋಮಿಲ್ಲದೆ ಕೈ ಸೋಲುತ್ತದೆ, ಮಾಂಸ ಅದುರುತ್ತದೆ. ಅಲ್ಲಿ ಮಾತ್ರ ರೋಗನಿರೋಧಕ ವ್ಯವಸ್ಥೆಯೇ ನೇರ ಅಪರಾಧಿ. ಬೆನ್ನುಹುರಿಯ ಹೊರಗೆ, ಕೈಗೆ ಬರುವ ನರದ ಮೇಲೆ ಅದರ ದಾಳಿ. ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಹಾಕಿದರೆ ಅನೇಕರಲ್ಲಿ ಕೈಬಲ ಮರಳುತ್ತದೆ. ಸ್ಟೀರಾಯ್ಡ್ ಕೊಟ್ಟರೆ ಕೆಲವರಲ್ಲಿ ಹೆಚ್ಚೇ ಕೆಡುತ್ತದೆ. ಎರಡನ್ನೂ ಬೇರ್ಪಡಿಸಲು ನರದಲ್ಲಿ ವಿದ್ಯುತ್ ಹರಿಯುವ ವೇಗ ಅಳೆಯುವ ಪರೀಕ್ಷೆ ಬೇಕು, ಅದನ್ನು ಓದಬಲ್ಲ ನರರೋಗ ತಜ್ಞರು ಬೇಕು. ಅಂಥವರು ಬೆಂಗಳೂರಿನಲ್ಲಿ ಸಿಗುತ್ತಾರೆ, ಕಡೂರು, ತರೀಕೆರೆಗಳೆರಡೂ ಶಿವಮೊಗ್ಗ–ಬೆಂಗಳೂರು ರೈಲುಮಾರ್ಗದಲ್ಲಿವೆ. ಕೈ ಬತ್ತಲು ತೊಡಗಿದ ಮೊದಲ ತಿಂಗಳುಗಳಲ್ಲೇ ಆ ರೈಲು ಹತ್ತುವುದು ಒಳ್ಳೆಯದು. ಕಾಯಿಲೆ ಎಎಲ್‌ಎಸ್ ಎಂದೇ ಖಚಿತವಾದರೂ 1995ರಿಂದ ಬಳಕೆಯಲ್ಲಿರುವ ರಿಲುಜೋಲ್ ಮಾತ್ರೆ ಕೆಲವು ತಿಂಗಳು ಕೊಡುತ್ತದೆ, ರಾತ್ರಿ ಉಸಿರಿಗೆ ನೆರವಾಗುವ ಯಂತ್ರ ಇನ್ನೂ ಹೆಚ್ಚು ಕೊಡಬಲ್ಲದು. ತಪಾಸಣೆಯ ಅಂಗವಾಗಿ ಬೆನ್ನಿನ ನೀರು ತೆಗೆಸಿಕೊಳ್ಳಲು ಮಾತ್ರ ಬಹಳ ಮಂದಿ ಒಪ್ಪುವುದಿಲ್ಲ, ತೆಗೆಸಿದರೆ ಸೊಂಟವೇ ಹೋಗುತ್ತದೆ ಎಂಬ ಹೆದರಿಕೆ. ಮಿರೋಕಾಲ್ಸ್‌ನಲ್ಲಿ ಯಾರಿಗೆ ಔಷಧಿ ಹತ್ತಿತು, ಯಾರಿಗೆ ಹತ್ತಲಿಲ್ಲ ಎಂದು ತಿಳಿದದ್ದು ಆ ನೀರಿನಿಂದಲೇ. ಸೂಜಿ ಚುಚ್ಚುವುದು ಸೊಂಟದ ಕೆಳಭಾಗದಲ್ಲಿ. ಬೆನ್ನುಹುರಿ ಅದಕ್ಕೂ ಮೇಲೆಯೇ ಮುಗಿದಿರುತ್ತದೆ.