ದುಡ್ಡು ಕಟ್ ಆಯ್ತು, ಅಂಗಡಿಗೆ ಬರಲಿಲ್ಲ: ನಡುವೆ ಸಿಕ್ಕ ಹಣದ ಕಥೆ ಏನು?

ಸಂತೆ ದಿನ, ಅಂಗಡಿ ಮುಂದೆ ಜನ ತುಂಬಿರುವಾಗಲೇ ಇದು ಆಗೋದು. ಗ್ರಾಹಕರು ಸ್ಕ್ಯಾನ್ ಮಾಡಿ 640 ರೂಪಾಯಿ ಹಾಕ್ತಾರೆ. ಹಣ ಕಟ್ ಆದ ಮೆಸೇಜ್ ಮೊಬೈಲ್‌ಗೆ ಬರುತ್ತೆ. ಕೌಂಟರ್ ಮೇಲಿನ ಸೌಂಡ್ ಬಾಕ್ಸ್ ಮಾತ್ರ ಬಾಯಿ ಬಿಡಲ್ಲ. 'ಕಟ್ ಆಗಿದೆ ನೋಡಿ ಅಣ್ಣ' ಅಂತ ಒಬ್ಬರು, 'ನಮಗೆ ಬಂದಿಲ್ಲ ಸಾರ್' ಅಂತ ಇನ್ನೊಬ್ಬರು. ಇಬ್ಬರೂ ಹೇಳುತ್ತಿರುವುದು ನಿಜ. ಜಗಳ ಹತ್ತೋದು ಅದಕ್ಕೇ.

ಒಬ್ಬರದು ಸುಳ್ಳು ಇರಲೇಬೇಕು ಅಂತ ನಮಗೆ ಅನ್ನಿಸುವುದಕ್ಕೆ ಕಾರಣ ಹಳೆಯ ಲೆಕ್ಕದ ಪುಸ್ತಕದ ಅಭ್ಯಾಸ. ಒಂದೇ ಪುಸ್ತಕದಲ್ಲಿ ಈ ಕಡೆ ಖರ್ಚು, ಆ ಕಡೆ ಜಮಾ ಬರೆದರೆ ಮುಗಿಯಿತು. ಯುಪಿಐನಲ್ಲಿ ಹಾಗೆ ಒಂದೇ ಪುಸ್ತಕ ಇಲ್ಲ. ಗ್ರಾಹಕರ ಆ್ಯಪ್, ಅವರ ಬ್ಯಾಂಕ್, ನಡುವೆ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆ, ಅಂಗಡಿಯವರ ಬ್ಯಾಂಕ್, ಕೊನೆಗೆ ಅಂಗಡಿಯವರ ಆ್ಯಪ್ ಮತ್ತು ಸೌಂಡ್ ಬಾಕ್ಸ್. ಎಲ್ಲರದೂ ಬೇರೆ ಬೇರೆ ಕಂಪ್ಯೂಟರ್, ಬೇರೆ ಬೇರೆ ಲೆಕ್ಕ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆಯುವಂತಿಲ್ಲ. ಕೇಳಬಹುದು, ಉತ್ತರಕ್ಕೆ ಕಾಯಬಹುದು, ಅಷ್ಟೇ.

ಹೀಗೆ ಹಲವು ಕಡೆ ಹಂಚಿಹೋದ ಒಂದೇ ವ್ಯವಹಾರಕ್ಕೆ ಸಾಫ್ಟ್‌ವೇರ್‌ನವರು 'ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್' ಅಂತಾರೆ. ಹೆಸರು ದೊಡ್ಡದು, ಆದರೆ ಮದುವೆ ಮಾಡಿಸಿದ ಯಾರಿಗೂ ಇದು ಹೊಸದಲ್ಲ.

ಛತ್ರ, ಅಡುಗೆ ಭಟ್ಟರು, ವಾಲಗದವರು ಮೂವರೂ ಒಂದೇ ದಿನಕ್ಕೆ ಸಿಗಬೇಕು. ಮೊದಲನೇ ದಾರಿ: ಮೂವರಿಗೂ 'ಆ ದಿನ ಯಾರಿಗೂ ಕೊಡಬೇಡಿ, ಹಿಡಿದಿಟ್ಟಿರಿ' ಅಂತ ಹೇಳಿ, ಎಲ್ಲರೂ ಹೂಂ ಅಂದ ಮೇಲೆ ಒಟ್ಟಿಗೇ ಪಕ್ಕಾ ಮಾಡೋದು. ಅಚ್ಚುಕಟ್ಟು ಹೌದು. ಆದರೆ ವಾಲಗದವರ ಫೋನ್ ಸ್ವಿಚ್ ಆಫ್ ಆಗಿದ್ದರೆ ಛತ್ರದವರು ಬಂದ ಬೇರೆ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸುತ್ತಾ ಕೂರಬೇಕು. ಎರಡನೇ ದಾರಿ: ಛತ್ರಕ್ಕೆ ಅಡ್ವಾನ್ಸ್ ಕೊಟ್ಟುಬಿಡೋದು, ಆಮೇಲೆ ಭಟ್ಟರು, ಆಮೇಲೆ ವಾಲಗ. ನಡುವೆ ಒಬ್ಬರು ಆಗಲ್ಲ ಅಂದರೆ ಹಿಂದಿನದನ್ನು ಒಂದೊಂದಾಗಿ ಕ್ಯಾನ್ಸಲ್ ಮಾಡಿ ಅಡ್ವಾನ್ಸ್ ವಾಪಸ್ ಪಡೆಯೋದು. ಈ ಎರಡನೇ ದಾರಿಗೆ ಕಂಪ್ಯೂಟರ್ ಲೋಕದಲ್ಲಿ 'ಸಾಗಾ' ಎಂಬ ಹೆಸರಿದೆ. ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ ಎಂಬ ಇಬ್ಬರು 1987ರಲ್ಲಿ ಬರೆದ ಪ್ರಬಂಧದಿಂದ ಬಂದ ಹೆಸರು.

ಯುಪಿಐ ನಡೆಯೋದೂ ಹೆಚ್ಚುಕಡಿಮೆ ಎರಡನೇ ದಾರಿಯಲ್ಲೇ. ಮೊದಲು ಗ್ರಾಹಕರ ಖಾತೆಯಿಂದ ಹಣ ಕಳೆಯುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ 'ಇಷ್ಟು ಜಮಾ ಮಾಡಿ' ಎಂಬ ಸೂಚನೆ ಹೋಗುತ್ತದೆ. ಆ ಬ್ಯಾಂಕು 'ಆಗಲ್ಲ' ಅಂದರೆ ಕಳೆದ ಹಣವನ್ನು ವಾಪಸ್ ಸೇರಿಸಲು ಸೂಚನೆ ಹೋಗುತ್ತದೆ. ಕೆಲವೊಮ್ಮೆ ಕಟ್ ಆದ ಎರಡೇ ನಿಮಿಷಕ್ಕೆ ಹಣ ವಾಪಸ್ ಬಂದಿರುತ್ತಲ್ಲ, ಅದು ಇದೇ.

ತೊಂದರೆ ಇರೋದು 'ಆಗಲ್ಲ' ಅಂದಾಗ ಅಲ್ಲ, ಏನೂ ಅನ್ನದಿದ್ದಾಗ. ಅಂಗಡಿಯವರ ಬ್ಯಾಂಕಿನಿಂದ ಉತ್ತರವೇ ಬರಲಿಲ್ಲ ಅಂದರೆ ಎರಡು ಸಾಧ್ಯತೆ. ಸೂಚನೆ ಅಲ್ಲಿಗೆ ತಲುಪಿಯೇ ಇಲ್ಲದಿರಬಹುದು. ಇಲ್ಲವೇ ಹಣ ಜಮಾ ಆಗಿ, 'ಆಯ್ತು' ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ನಡುವೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತೆ. ಆತುರಪಟ್ಟು ಗ್ರಾಹಕರಿಗೆ ವಾಪಸ್ ಮಾಡಿದರೆ, ಅಂಗಡಿಗೂ ಜಮಾ ಆಗಿದ್ದಲ್ಲಿ, 640 ರೂಪಾಯಿ ಎರಡು ಕಡೆ ಹುಟ್ಟಿಕೊಂಡಂತೆ. ಹಾಗಾಗಿ ವ್ಯವಸ್ಥೆ 'ಪೆಂಡಿಂಗ್' ಅಂತ ಹೇಳಿ, ಬ್ಯಾಂಕುಗಳು ಲೆಕ್ಕ ತಾಳೆ ನೋಡುವವರೆಗೆ ಕಾಯುತ್ತದೆ. ಪೆಂಡಿಂಗ್ ಅಂದರೆ ಫೇಲ್ ಅಲ್ಲ, ಸಕ್ಸಸ್ಸೂ ಅಲ್ಲ, ಇನ್ನೂ ಗೊತ್ತಾಗಿಲ್ಲ ಅಂತ. ಆ್ಯಪ್‌ಗಳು ಇದನ್ನು ಇಷ್ಟು ನೇರವಾಗಿ ಹೇಳಿದ್ದರೆ ಅರ್ಧ ಜಗಳ ಕಮ್ಮಿ ಆಗ್ತಿತ್ತು.

ತಾಳೆ ನೋಡಲು ಆಧಾರ ಪ್ರತಿ ಪಾವತಿಗೂ ಬೀಳುವ 12 ಅಂಕಿಯ ನಂಬರ್. ಫೋನ್‌ಪೇಯಲ್ಲಿ ಯುಟಿಆರ್ ಅಂತಲೂ, ಗೂಗಲ್ ಪೇಯಲ್ಲಿ ಯುಪಿಐ ಟ್ರಾನ್ಸಾಕ್ಷನ್ ಐಡಿ ಅಂತಲೂ ಕಾಣುತ್ತೆ. ಗ್ರಾಹಕರು ಸಿಟ್ಟಿಗೆದ್ದು ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಹೊಸ ನಂಬರ್ ಬೀಳುತ್ತೆ. ವ್ಯವಸ್ಥೆಯ ಕಣ್ಣಿಗೆ ಅದು ಹೊಸ ವ್ಯಾಪಾರ. ಎರಡು ಸಲ ದುಡ್ಡು ಹೋಗೋದು ಹೀಗೇ.

'ಏನಾಯ್ತು, ಏನಾಯ್ತು' ಅಂತ ಪದೇ ಪದೇ ಕೇಳುವುದರಿಂದಲೂ ಕೆಲಸ ಕೆಡುತ್ತೆ. 2025ರ ಏಪ್ರಿಲ್ 12ರಂದು ದೇಶದ ಹಲವೆಡೆ ಯುಪಿಐ ಕೈಕೊಟ್ಟಿತ್ತು. ಕೆಲವು ಬ್ಯಾಂಕುಗಳ ಕಡೆಯಿಂದ ಸ್ಟೇಟಸ್ ವಿಚಾರಿಸುವ ಕೋರಿಕೆಗಳು ಮಿತಿಮೀರಿ ಬಂದದ್ದು ಅದಕ್ಕೆ ಕಾರಣ ಎಂದು ಎನ್‌ಪಿಸಿಐ ಆಮೇಲೆ ಕಂಡುಕೊಂಡಿತು. ಅದೇ ವರ್ಷ ಆಗಸ್ಟ್‌ನಿಂದ ಪೆಂಡಿಂಗ್ ಪಾವತಿಯ ಸ್ಟೇಟಸ್ ನೋಡಲು ಮೂರೇ ಸಲ ಅವಕಾಶ, ನಡುವೆ 90 ಸೆಕೆಂಡ್ ಅಂತರ ಎಂಬ ಮಿತಿ ಬಂತು.

ಹಾಗಾದರೆ ಅಂಗಡಿಯವರು ಏನು ಮಾಡಬೇಕು? ಸೌಂಡ್ ಬಾಕ್ಸ್ ನಂಬಿ ಕೂರಬಾರದು. ಅದಕ್ಕೆ ಬರುವ ಸಂದೇಶ ಬೇರೆ, ಖಾತೆಗೆ ಬರುವ ಜಮಾ ಬೇರೆ. ಸಿಮ್ ಸಿಗ್ನಲ್ ಇಲ್ಲದಿದ್ದರೂ ಅದು ಸುಮ್ಮನಿರುತ್ತೆ. ಗ್ರಾಹಕರ ಮೊಬೈಲ್‌ನ ಸ್ಕ್ರೀನ್ ನೋಡಿಯೂ ನಂಬುವಂತಿಲ್ಲ, ನಕಲಿ ಆ್ಯಪ್‌ನಲ್ಲಿ 'ಸಕ್ಸಸ್' ತೋರಿಸಿ ಹೋಗುವವರಿದ್ದಾರೆ. ನಮ್ಮ ಖಾತೆ ನಾವೇ ನೋಡಬೇಕು. ಬಂದಿಲ್ಲವಾದರೆ ಒಂದೆರಡು ನಿಮಿಷ ಕಾದು, ಆಗಲೂ ಬರದಿದ್ದರೆ ನಗದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ 12 ಅಂಕಿ ಮತ್ತು ಗ್ರಾಹಕರ ಫೋನ್ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸಂಜೆಯೋ ಮಾರನೇ ದಿನವೋ ಆ ಹಣ ಜಮಾ ಆದರೆ, ಗ್ರಾಹಕರು ಎರಡು ಸಲ ಕೊಟ್ಟಂತಾಯಿತು. ಅದನ್ನು ಕರೆದು ಹಿಂದಿರುಗಿಸುವ ಅಂಗಡಿಗೆ ಜನ ಮತ್ತೆ ಬರ್ತಾರೆ. ಸಾಲದ ಪುಸ್ತಕದ ಪಕ್ಕ ಇದಕ್ಕೂ ಒಂದು ಹಾಳೆ ಇಟ್ಟರೆ ಸಾಕು.

ಗ್ರಾಹಕರಿಗೆ ರಿಸರ್ವ್ ಬ್ಯಾಂಕ್ ನಿಯಮದ ಬಲ ಇದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಒಬ್ಬರಿಂದ ಒಬ್ಬರಿಗೆ ಹಾಕಿದ ಹಣ ಕಟ್ ಆಗಿ ತಲುಪದಿದ್ದರೆ ಮಾರನೇ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪಾವತಿಯಾದರೆ, ಅಂಗಡಿ ಕಡೆ ಖಾತ್ರಿ ಆಗದಿದ್ದಲ್ಲಿ, ಗಡುವು ಐದು ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕರು ಅರ್ಜಿ ಹಾಕದಿದ್ದರೂ ಅದು ಖಾತೆಗೆ ಬೀಳಬೇಕು ಅಂತಲೇ ನಿಯಮ. ಎಟಿಎಂನಲ್ಲಿ ಹಣ ಬರದೆ ಕಟ್ ಆದರೂ ಇದೇ ಐದು ದಿನ, ಇದೇ 100 ರೂಪಾಯಿ. ಕೇಳುವವರು ಕಮ್ಮಿ, ಅದು ಬೇರೆ ಮಾತು.

ದೂರು ಮೊದಲು ಆ್ಯಪ್‌ನಲ್ಲೇ, ಆ ಪಾವತಿಯನ್ನು ತೆರೆದು ಕೊಡಬೇಕು. ಜೊತೆಗೆ ಹಣ ಕಟ್ ಆದ ಬ್ಯಾಂಕಿಗೂ ಲಿಖಿತವಾಗಿ ಕೊಟ್ಟರೆ ಒಳ್ಳೇದು. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448. ಇಂಟರ್ನೆಟ್‌ನಲ್ಲಿ ಹುಡುಕಿದಾಗ ಸಿಗುವ ಯಾವುದೋ 'ಕಸ್ಟಮರ್ ಕೇರ್' ನಂಬರ್‌ಗೆ ಮಾತ್ರ ಫೋನ್ ಮಾಡಬೇಡಿ. ವಾಪಸ್ ಬರುವ ಹಣಕ್ಕೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿ ಅಂದವರು ಇನ್ನೊಂದು ಸಲ ಕಟ್ ಮಾಡಲು ಕೂತವರು.