ಹಡಗಿಗೂ ಒನ್‌ವೇ

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಡೋವರ್ ಜಲಸಂಧಿ ಇದೆ. ತೀರ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. ಆಕಾಶ ತಿಳಿಯಾಗಿದ್ದರೆ ಈ ದಡದಿಂದ ಆ ದಡ ಕಾಣುತ್ತದೆ. ಈ ಇಕ್ಕಟ್ಟಿನಲ್ಲಿ ದಿನಕ್ಕೆ 400ಕ್ಕೂ ಹೆಚ್ಚು ಹಡಗುಗಳು ಹಾದುಹೋಗುತ್ತವೆ. ಸಾಲದ್ದಕ್ಕೆ ಜನರನ್ನೂ ವಾಹನಗಳನ್ನೂ ಹೊತ್ತ ಫೆರಿಗಳು ಡೋವರ್ ಮತ್ತು ಕ್ಯಾಲೆ ಊರುಗಳ ನಡುವೆ ಅಡ್ಡಡ್ಡ ಓಡಾಡುತ್ತವೆ. ಮೀನುದೋಣಿಗಳು ಬೇರೆ, ಮಂಜು ಬೇರೆ.

ಹಡಗಿಗೆ ಬ್ರೇಕ್ ಇರುವುದಿಲ್ಲ. ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿದರೂ ಎಣ್ಣೆ ತುಂಬಿದ ದೊಡ್ಡ ಟ್ಯಾಂಕರ್ ನಿಲ್ಲುವಷ್ಟರಲ್ಲಿ ಕೆಲವು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಎದುರಿನವರು ಹತ್ತಿರ ಬಂದ ಮೇಲೆ ನೋಡಿಕೊಳ್ಳೋಣ ಎಂದರೆ ಕೆಟ್ಟಂತೆಯೇ.

ಹಾಗಾಗಿ 1967ರಲ್ಲಿ ಇಲ್ಲಿ ಹೋಗುವ ದಾರಿ, ಬರುವ ದಾರಿ ಬೇರೆಬೇರೆಯಾದವು. ನೀರಿನ ಮೇಲೆ ಗೆರೆ ಎಳೆಯಲಾದೀತೇ? ಗೆರೆಗಳಿರುವುದು ನಾವಿಕರ ನಕ್ಷೆಯಲ್ಲಿ, ನೇರಳೆಗೆಂಪು ಬಣ್ಣದಲ್ಲಿ, ಬಾಣದ ಗುರುತಿನೊಂದಿಗೆ. ನಮ್ಮ ರಸ್ತೆಯಲ್ಲಿ ಎಡಕ್ಕೆ ಹೋಗುತ್ತೇವಲ್ಲ, ಸಮುದ್ರದಲ್ಲಿ ಬಲಕ್ಕೆ. ನೈಋತ್ಯಕ್ಕೆ ಹೊರಟವರಿಗೆ ಇಂಗ್ಲೆಂಡಿನ ಬದಿ, ಈಶಾನ್ಯಕ್ಕೆ ಹೊರಟವರಿಗೆ ಫ್ರಾನ್ಸಿನ ಬದಿ. ಫೆರಿಗಳು ಈ ದಾರಿಗಳನ್ನು ಆದಷ್ಟು ನೇರವಾಗಿ, ಲಂಬಕೋನದಲ್ಲಿ ದಾಟಬೇಕು. ಓರೆಯಾಗಿ ದಾಟಿದರೆ ದಾರಿಯ ನಡುವೆ ಹೆಚ್ಚು ಹೊತ್ತು ಇರಬೇಕಾಗುತ್ತದೆ. ಫೆರಿ ಯಾವ ಕಡೆಗೆ ಹೊರಟಿದೆ ಎಂದು ಉಳಿದವರಿಗೂ ಬೇಗ ಗೊತ್ತಾಗುವುದಿಲ್ಲ.

ಮೊದಮೊದಲು ಇದು ಬರೀ ಸಲಹೆಯಾಗಿತ್ತು. ಸಲಹೆಯನ್ನು ಎಲ್ಲರೂ ಕೇಳುತ್ತಾರೆಯೇ! 1971ರ ಜನವರಿಯಲ್ಲಿ 'ಟೆಕ್ಸಾಕೊ ಕೆರಿಬಿಯನ್' ಎಂಬ ಟ್ಯಾಂಕರಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಟ್ಯಾಂಕರ್ ಸಿಡಿದು ಮುಳುಗಿತು. ಮರುದಿನವೇ 'ಬ್ರಾಂಡನ್‌ಬರ್ಗ್' ಎಂಬ ಹಡಗು ಅದರ ಅವಶೇಷಕ್ಕೆ ಬಡಿದು ಮುಳುಗಿತು. ಆಮೇಲೆ ಅಲ್ಲಿ ಎಚ್ಚರಿಕೆಯ ದೀಪಗಳನ್ನಿಟ್ಟರು. ಹಾಗಿದ್ದೂ ಫೆಬ್ರುವರಿಯಲ್ಲಿ 'ನಿಕಿ' ಅದೇ ಜಾಗದಲ್ಲಿ ಬಡಿದು ಮುಳುಗಿತು. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಇಷ್ಟಾದ ಮೇಲೆ ಸಲಹೆ ಕಟ್ಟುನಿಟ್ಟಿನ ನಿಯಮವಾಯಿತು. ಇಡೀ ಲೋಕದ ಹಡಗುಗಳಿಗೆ ಅನ್ವಯಿಸುವ, 1972ರಲ್ಲಿ ಒಪ್ಪಿದ ಸಂಚಾರ ನಿಯಮಗಳು 1977ರಲ್ಲಿ ಜಾರಿಗೆ ಬಂದವು.

ಅವುಗಳಲ್ಲಿ ನನಗೆ ತುಂಬ ಹಿಡಿಸುವುದು ದೀಪಗಳ ಏರ್ಪಾಡು. ರಾತ್ರಿ ಪ್ರತಿ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಇರಬೇಕು. ಈಗ ನೀವೇ ಹಡಗು ನಡೆಸುತ್ತಿದ್ದೀರಿ ಎನ್ನಿ. ಬಲಗಡೆಯಿಂದ ಒಂದು ಹಡಗು ನಿಮ್ಮ ದಾರಿಗೆ ಅಡ್ಡ ಬರುತ್ತಿದೆ. ನಿಮಗೆ ಕಾಣುವುದು ಅದರ ಎಡಬದಿ, ಅಂದರೆ ಕೆಂಪು ದೀಪ. ಅದಕ್ಕೆ ಕಾಣುವುದು ನಿಮ್ಮ ಹಸಿರು ದೀಪ. ನಿಯಮದ ಪ್ರಕಾರ ದಾರಿ ಬಿಡಬೇಕಾದವರು ನೀವು! ಕೆಂಪು ಕಂಡವರು ತಗ್ಗಬೇಕು, ಹಸಿರು ಕಂಡವರು ಹೋಗುತ್ತಿದ್ದ ಹಾಗೇ ಹೋಗಬೇಕು. ಇಬ್ಬರೂ ಒಂದು ಮಾತೂ ಆಡಬೇಕಾಗಿಲ್ಲ.

ಡಿಕ್ಕಿಯಾಗುತ್ತದೆಯೇ ಎಂದು ತಿಳಿಯುವುದು ಹೇಗೆ? ದಿಕ್ಸೂಚಿಯಿಂದ ಆ ಹಡಗನ್ನು ಮತ್ತೆ ಮತ್ತೆ ನೋಡಬೇಕು. ಅದು ಹತ್ತಿರವಾಗುತ್ತಿದ್ದರೂ ಕಾಣುವ ದಿಕ್ಕು ಮಾತ್ರ ಬದಲಾಗದಿದ್ದರೆ ಅಪಾಯ ಖಚಿತ. ರಾಡಾರ್ ಇದನ್ನೇ ಲೆಕ್ಕ ಹಾಕಿ ಪರದೆಯಲ್ಲಿ ತೋರಿಸುತ್ತದೆ. ಆದರೂ ಕಣ್ಣಿನ ಕಾವಲು ತಪ್ಪುವಂತಿಲ್ಲ. ಮಂಜು ಕವಿದಾಗ ಎಂಜಿನ್ನಿನಿಂದ ಸಾಗುವ ಹಡಗು ಎರಡು ನಿಮಿಷಕ್ಕೆ ಒಮ್ಮೆಯಾದರೂ ದೀರ್ಘವಾಗಿ ಸಿಳ್ಳೆ ಹಾಕಬೇಕು.

ದಡದಲ್ಲೂ ಕಾವಲಿದೆ. ಇಂಗ್ಲೆಂಡಿನ ಡೋವರ್‌ನಲ್ಲಿ, ಫ್ರಾನ್ಸಿನ ಗ್ರಿ-ನೇ ಭೂಶಿರದಲ್ಲಿ ಸಿಬ್ಬಂದಿ ಹಗಲಿರುಳೂ ರಾಡಾರ್ ನೋಡುತ್ತಿರುತ್ತಾರೆ. ದೊಡ್ಡ ಹಡಗುಗಳು ಒಳಬರುವಾಗ ತಮ್ಮ ಹೆಸರು, ಸರಕು, ಹೋಗುವ ಊರು ಇವರಿಗೆ ತಿಳಿಸಬೇಕು. ಯಾವುದಾದರೂ ಹಡಗು ಒನ್‌ವೇಯಲ್ಲಿ ಎದುರು ನುಗ್ಗಿದರೆ ಸುತ್ತಲಿನ ಎಲ್ಲರಿಗೂ ರೇಡಿಯೋದಲ್ಲಿ ಸುದ್ದಿ ಹೋಗುತ್ತದೆ. ಕ್ಯಾಪ್ಟನ್‌ಗೆ ಆಮೇಲೆ ದಂಡವೂ ಬೀಳಬಹುದು.