ಕಾಲ ಕಳೆದರೆ ಹಕ್ಕು ಕಳೆಯುವುದೇ?

ತಂದೆ ತೀರಿಕೊಂಡು ಇಪ್ಪತ್ತು ವರ್ಷಗಳಾಗಿವೆ. ಮನೆಯಲ್ಲಿ ಅಣ್ಣ ವಾಸವಿದ್ದಾನೆ, ಖಾತೆಯೂ ಅವನ ಹೆಸರಿಗಾಗಿದೆ. ತಂಗಿ ಪಾಲು ಕೇಳಿದರೆ, "ಇಷ್ಟು ವರ್ಷ ಸುಮ್ಮನಿದ್ದು ಈಗ ಎಂಥ ಪಾಲು?" ಎಂಬ ಉತ್ತರ. ನಮ್ಮ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ.

ಒಡೆತನವೇ ಬೇರೆ, ಸ್ವಾಧೀನವೇ ಬೇರೆ ಎಂಬುದನ್ನು ಪ್ರಾಚೀನ ರೋಮಿನ ಕಾನೂನು ಸ್ಪಷ್ಟವಾಗಿ ಗುರುತಿಸಿತ್ತು. ಅಲ್ಲಿ ಬಾಡಿಗೆಗೆ ಅಥವಾ ಎರವಲು ಪಡೆದವನು ಎಷ್ಟು ಕಾಲ ಇಟ್ಟುಕೊಂಡರೂ ಒಡೆಯನಾಗುತ್ತಿರಲಿಲ್ಲ. ಆದರೆ ಒಡೆತನದ ಗೊಂದಲ ಬಹುಕಾಲ ಉಳಿಯಬಾರದೆಂದು ಕಾಲಮಿತಿಯೂ ಇತ್ತು. ಕ್ರಿ.ಪೂ. 450ರ ಸುಮಾರಿನ 'ಹನ್ನೆರಡು ಫಲಕಗಳ' ಕಾನೂನಿನಂತೆ ಭೂಮಿಗೆ 2 ವರ್ಷ, ಇತರ ವಸ್ತುಗಳಿಗೆ 1 ವರ್ಷದ ಸ್ವಾಧೀನದಿಂದ ಒಡೆತನ ಸಿಗುತ್ತಿತ್ತು. ಕದ್ದ ಮಾಲಿಗೆ ಮಾತ್ರ ಈ ಅನುಕೂಲವಿರಲಿಲ್ಲ. ಪ್ರಾಮಾಣಿಕ ನಂಬಿಕೆಯಿಂದ ಪಡೆದಿರಬೇಕೆಂಬ ಷರತ್ತನ್ನು ಮುಂದಿನ ನ್ಯಾಯವೇತ್ತರು ಸೇರಿಸಿದರು.

ಇಂಥ ಕಾಲಮಿತಿ ನಮ್ಮ ದೇಶದಲ್ಲಿಯೂ ಇದೆ. 1963ರ ಕಾಲಮಿತಿ ಕಾಯಿದೆಯಂತೆ, ಇನ್ನೊಬ್ಬರ ಖಾಸಗಿ ಆಸ್ತಿಯನ್ನು 12 ವರ್ಷ ಬಹಿರಂಗವಾಗಿ, ಒಡೆಯನಿಗೆ ವಿರುದ್ಧವಾಗಿ ಸ್ವಾಧೀನದಲ್ಲಿಟ್ಟುಕೊಂಡರೆ ಒಡೆಯನ ಹಕ್ಕು ಅಳಿಯಬಹುದು. ಆದರೆ ವಾರಸುದಾರರ ನಡುವೆ ಇದು ಅಷ್ಟು ಸುಲಭವಲ್ಲ. ಒಬ್ಬ ಪಾಲುದಾರನ ಸ್ವಾಧೀನವನ್ನು ನ್ಯಾಯಾಲಯಗಳು ಎಲ್ಲರ ಪರವಾದ ಸ್ವಾಧೀನವೆಂದೇ ಸಾಮಾನ್ಯವಾಗಿ ಪರಿಗಣಿಸುತ್ತವೆ. ಖಾತೆ ಮುಖ್ಯವಾಗಿ ತೆರಿಗೆಯ ದಾಖಲೆ. ಅದರಿಂದಲೇ ಒಡೆತನ ಬರುವುದಿಲ್ಲ.

ಹನಫೀ ಫಿಕ್ಹ್ ಆಧರಿಸಿ ಉಸ್ಮಾನೀ ಸಾಮ್ರಾಜ್ಯವು 1869ರಿಂದ 1876ರವರೆಗೆ ಹೊರತಂದ 'ಮಜಲ್ಲಾ' ಸಂಹಿತೆ ಇನ್ನೊಂದು ದಾರಿ ಹಿಡಿಯಿತು. ವಾರಸು ಮುಂತಾದ ದಾವೆಗಳನ್ನು 15 ವರ್ಷಗಳ ನಂತರ ನ್ಯಾಯಾಲಯ ಆಲಿಸುತ್ತಿರಲಿಲ್ಲ. ಆದರೆ ಕಾಲ ಕಳೆದ ಮಾತ್ರಕ್ಕೆ ಹಕ್ಕು ನಾಶವಾಗದು ಎಂದು ಸಂಹಿತೆ ಸಾರಿತು. "ಹೌದು, ಅದು ಅವರದೇ" ಎಂದು ಪ್ರತಿವಾದಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರೆ ಕಾಲಮಿತಿಗೆ ಬೆಲೆಯಿರಲಿಲ್ಲ. ತೀರ್ಪು ಹಕ್ಕುದಾರರ ಪರವಾಗಬೇಕಿತ್ತು.

ಸಹೋದರರೇ, ನ್ಯಾಯಾಲಯದಲ್ಲಿ ದಾವೆ ನಿಲ್ಲದಿರಬಹುದು, ಆದರೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದವರು ನಾವು. ತಂದೆ ತಾಯಿ ಬಿಟ್ಟುಹೋದದ್ದು ಅಲ್ಪವಿರಲಿ, ಅಧಿಕವಿರಲಿ, ಹೆಣ್ಣುಮಕ್ಕಳಿಗೂ ಪಾಲಿದೆಯೆಂದು ಸೂರಃ ಅನ್ನಿಸಾ ನಿಗದಿಪಡಿಸಿದೆ. ಅನ್ಯಾಯವಾಗಿ ಒಂದು ಗೇಣು ಭೂಮಿ ಕಬಳಿಸುವುದರ ಬಗ್ಗೆಯೂ ಪ್ರವಾದಿ(ಸ)ಯವರು ಕಠಿಣ ಎಚ್ಚರಿಕೆ ನೀಡಿದ್ದಾರೆ. ಮುಲಾಜಿಗೆ ಅಥವಾ ತವರು ತಪ್ಪೀತೆಂಬ ಭಯಕ್ಕೆ ತಂಗಿ ಹಾಕಿದ ಸಹಿಯನ್ನು ಮನಃಪೂರ್ವಕ ಒಪ್ಪಿಗೆಯೆಂದು ನಾವು ನೆಮ್ಮದಿಯಿಂದ ಹೇಳಬಲ್ಲೆವೇ? ಅವಳು ಕೇಳುವ ಮೊದಲೇ ಲೆಕ್ಕ ಮಾಡಿ ಅವಳ ಪಾಲನ್ನು ಕೊಟ್ಟುಬಿಡೋಣ.

ಅಲ್ಲಾಹನು ನಮಗೆಲ್ಲ ಅದರ ತೌಫೀಕ್ ನೀಡಲಿ. ಆಮೀನ್.